ಉಡಾಳ ಕಲೆಗೆ ಊರು ಕೊಟ್ಟ ಅಂಗಳ

ಹೋಳಿಯ ದಿನಗಳಲ್ಲಿ ಬಾಗಲಕೋಟೆಯ ಹಳೇ ಊರಿನ ರಸ್ತೆಯಲ್ಲಿ ರಾತ್ರಿ ನಿಂತರೆ ಸೋಗಿನ ಬಂಡಿಗಳು ಬರುತ್ತವೆ. ಮೊದಲು ಎತ್ತಿನ ಬಂಡಿ ಇರುತ್ತಿದ್ದವು. ಈಗ ಜಾಸ್ತಿ ಟ್ರ್ಯಾಕ್ಟರ್. ಮುಂದೆ ಹಲಗಿ ಬಡಿತ, ಹಿಂದೆ ಟ್ರೇಲರ್ ಮೇಲೆ ವೇಷ ಹಾಕಿದವರು. ದೇವರ ಸೋಗು ಇರುತ್ತದೆ, ರಾಕ್ಷಸರ ಸೋಗು ಇರುತ್ತದೆ, ಊರಿನ ಸುದ್ದಿಯ ಸೋಗೂ ಇರುತ್ತದೆ. ಕೆಲವು ವರ್ಷಗಳ ಹಿಂದೆ ನೋಡಿದ ಒಂದು ಬಂಡಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಟ್ರೇಲರ್ ಮೇಲೆ ಒಂದು ಟೇಬಲ್, ಅದರ ಮೇಲೆ ಆಳೆತ್ತರ ಫೈಲು. ಹಿಂದೆ ಸಾಹೇಬ ಕೂತಿದ್ದಾನೆ. ಮೀಸೆ ಇದ್ದಿಲಿಂದ ಬರೆದದ್ದು. ಎದುರಿಗೆ ಇಳಕಲ್ ಸೀರೆ ಉಟ್ಟ ಮುದುಕಿ. ನಿಜವಾಗಿ ಅವನು ಇಪ್ಪತ್ತರ ಹುಡುಗ. ಮುದುಕಿಯ ಕೈಯಲ್ಲಿ ಒಂದು ಕಾಗದ. ಸಾಹೇಬ ಶಿಕ್ಕಾ ಹೊಡೆಯಲು ಶುರು ಮಾಡುತ್ತಾನೆ. ಫೈಲಿಗೆ ಹೊಡೆದ, ಟೇಬಲ್ಲಿಗೆ ಹೊಡೆದ, ಮುದುಕಿ ಬುತ್ತಿ ಬಿಚ್ಚಿದರೆ ರೊಟ್ಟಿಗೆ ಹೊಡೆದ, ಕೊನೆಗೆ ಅವಳ ಹಣೆಗೂ ಹೊಡೆದ. ಅವಳ ಕಾಗದ ಒಂದನ್ನು ಬಿಟ್ಟು ಎಲ್ಲದಕ್ಕೂ ಶಿಕ್ಕಾ ಬಿತ್ತು. ಆಮೇಲೆ ಮೀಸೆ ತಿರುವಿ, ‘ನಾಳಿ ಬಾ ಯವ್ವಾ’ ಅಂದ. ಮುದುಕಿ ಜನರ ಕಡೆ ತಿರುಗಿ ಹೇಳಿದಳು: ‘ನಾಳಿ ನನ್ನ ಮೊಮ್ಮಗಳು ಬರ್ತಾಳ್ರಿ ಸಾಹೇಬ್ರ, ಆಕಿ ಇನ್ನೂ ಹುಟ್ಟಿಲ್ಲ.’

ಜನ ಬಿದ್ದು ಬಿದ್ದು ನಕ್ಕರು. ಇದು ಆಲಮಟ್ಟಿಯ ಹಿನ್ನೀರಿಗೆ ಮನೆ, ಅಂಗಡಿ, ಓಣಿಗಳನ್ನೇ ಬಿಟ್ಟುಕೊಟ್ಟ ಊರು. ನವನಗರ ಕಟ್ಟಿದ್ದೇ ಹಾಗೆ ಮುಳುಗಿದವರಿಗಾಗಿ. ಕಾಗದ ಹಿಡಿದು ಅಲೆಯುವುದು ಅಂದರೆ ಏನು ಅಂತ ಅಲ್ಲಿ ನಿಂತಿದ್ದ ಅರ್ಧ ಜನರಿಗೆ ಗೊತ್ತಿತ್ತು. ನನ್ನ ಪಕ್ಕದಲ್ಲೇ ಒಬ್ಬ ಸರ್ಕಾರಿ ನೌಕರ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದ. ಎಲ್ಲರಿಗಿಂತ ಜಾಸ್ತಿ ನಕ್ಕವನು ಅವನೇ.

ಮರುದಿನ ಮೊಬೈಲಿನಲ್ಲಿ ಇಪ್ಪತ್ತು ಸೆಕೆಂಡಿನ ಒಂದು ತುಣುಕು ಓಡಾಡಿತು. ಅದರಲ್ಲಿ ಇದ್ದದ್ದು ಇಷ್ಟೇ: ಒಬ್ಬ ಗಂಡಸು ಒಬ್ಬ ಮುದುಕಿಯ ಹಣೆಗೆ ಶಿಕ್ಕಾ ಹೊಡೆಯುತ್ತಾನೆ, ಸುತ್ತ ಜನ ನಗುತ್ತಾರೆ. ಟೇಬಲ್ ಇಲ್ಲ, ಕಾಗದ ಇಲ್ಲ, ಮುದುಕಿಯ ಕೊನೆಯ ಮಾತಂತೂ ಇಲ್ಲವೇ ಇಲ್ಲ. ಬಂಡಿ ಕಟ್ಟಿದ ಹುಡುಗರಿಗೆ ಗುರುತಿಲ್ಲದ ನಂಬರುಗಳಿಂದ ಫೋನ್ ಬಂದವು. ಹೆಣ್ಣುಮಕ್ಕಳಿಗೆ ಅವಮಾನ ಮಾಡಿದ್ದೀರಿ, ವಯಸ್ಸಾದವರನ್ನು ಆಡಿಕೊಂಡಿದ್ದೀರಿ ಅಂತ. ಸಂಜೆಯೊಳಗೆ ಆ ಹುಡುಗರು ಕೈಮುಗಿದು ತಪ್ಪಾಯ್ತು ಅನ್ನುವ ವಿಡಿಯೊ ಹಾಕಿದರು. ಮುದುಕಿಯ ಪರವಾಗಿ ಬಂಡಿ ಕಟ್ಟಿದವರು ಮುದುಕಿಗೆ ಅವಮಾನ ಮಾಡಿದೆವು ಅಂತ ಒಪ್ಪಿಕೊಂಡರು. ಅದನ್ನು ನೋಡಿ ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು. ಈ ಲೇಖನ ಹುಟ್ಟಿದ್ದು ಆ ಸಂಕಟದಿಂದ.

ಈಗ ದೇಶದಲ್ಲೆಲ್ಲ ಇದೇ ಜಗಳ. ತಮಾಷೆ ಮಾಡಿದವನ ಮೇಲೆ ದೂರು, ಕಾರ್ಯಕ್ರಮ ರದ್ದು, ಕ್ಷಮೆಯ ವಿಡಿಯೊ. ಒಂದು ಕಡೆಯವರು ‘ಈಗಿನ ಕಲಾವಿದರಿಗೆ ನಾಲಿಗೆ ಉದ್ದವಾಗಿದೆ’ ಅನ್ನುತ್ತಾರೆ. ಇನ್ನೊಂದು ಕಡೆಯವರು ‘ಈಗಿನ ಜನಕ್ಕೆ ಚರ್ಮ ತೆಳ್ಳಗಾಗಿದೆ’ ಅನ್ನುತ್ತಾರೆ. ಎರಡೂ ಪೂರ್ತಿ ನಿಜವಲ್ಲ ಅಂತ ನನಗೆ ಅನಿಸುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಹುಟ್ಟಿ ಬೆಳೆದವರಿಗೆ ಉದ್ದ ನಾಲಿಗೆಯ ಕಲಾವಿದರು ಹೊಸಬರಲ್ಲ. ಹೊಸದಾಗಿ ಆಗಿರುವುದು ಬೇರೆ. ಆ ನಾಲಿಗೆಗೆ ಊರು ಕೊಟ್ಟಿದ್ದ ಅಂಗಳ ಈಗ ಕಳೆದುಹೋಗುತ್ತಿದೆ.

ನಮ್ಮಲ್ಲಿ ‘ಉಡಾಳ’ ಅನ್ನುವ ಮಾತು ಇದೆ. ತಾಯಿ ಮಗನನ್ನು ‘ಭಾಳ ಉಡಾಳ ಆಗ್ಯಾನ’ ಅಂದಾಗ ಅರ್ಧ ಸಿಟ್ಟು, ಅರ್ಧ ಹೆಮ್ಮೆ. ಹೇಳಿದ ಮಾತು ಕೇಳದವನು, ಆದರೆ ಮನೆಗೆ ಕಳೆ ತರುವವನು. ಕಲಾವಿದರಲ್ಲೂ ಈ ಜಾತಿಯವರು ಇದ್ದಾರೆ. ನಾವು ಅವರ ಮೇಲೆ ಸಿಟ್ಟಾಗುತ್ತೇವೆ, ಮತ್ತೆ ಅವರ ಆಟಕ್ಕೇ ಹೋಗಿ ಕೂರುತ್ತೇವೆ. ಯಾಕೆ?

ಇದಕ್ಕೆ ಉತ್ತರ ಜೋಕುಮಾರನ ಬುಟ್ಟಿಯಲ್ಲಿದೆ. ಭಾದ್ರಪದದಲ್ಲಿ ಗಣಪತಿ ಹೋದ ಮೇಲೆ ಅಂಬಿಗರ ಹೆಣ್ಣುಮಕ್ಕಳು ಮಣ್ಣಿನ ಜೋಕುಮಾರನನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಬರುತ್ತಾರೆ. ಸುತ್ತ ಬೇವಿನ ಸೊಪ್ಪು, ಅಗಲವಾದ ಬಾಯಿ, ಬಾಯಿಗೆ ಬೆಣ್ಣೆ. ಇವನು ಮಾನ ಮರ್ಯಾದೆ ಇಲ್ಲದ ದೇವರು. ಹೆಂಗಸರ ಹಿಂದೆ ಬೀಳುವವನು, ಊರಿಂದ ಏಟು ತಿನ್ನುವವನು, ಕೆಲವೇ ದಿನ ಬದುಕಿ ಸಾಯುವವನು. ಅವನ ಬಗ್ಗೆ ಹಾಡುವ ಹಾಡುಗಳನ್ನು ಬೇರೆ ದಿನ ಯಾರಾದರೂ ಹಾಡಿದರೆ ಅಜ್ಜಿಯೇ ಬಾಯಿ ಮೇಲೆ ಹೊಡೆಯುತ್ತಾಳೆ. ಆದರೂ ನಮ್ಮ ಹಳ್ಳಿಗಳಲ್ಲಿ ಒಂದು ಮಾತಿದೆ. ಗಣಪತಿ ಕಡಬು ಹೋಳಿಗೆ ತಿಂದು ಹೋಗಿ ಶಿವನಿಗೆ ‘ಭೂಲೋಕದಲ್ಲಿ ಎಲ್ಲಾ ಚೆನ್ನಾಗಿದೆ’ ಅಂತ ಹೇಳುತ್ತಾನೆ. ಜೋಕುಮಾರ ಓಣಿಓಣಿ ಅಲೆದು, ಹೊಲ ಒಣಗಿದ್ದನ್ನು ನೋಡಿ, ಬಡವರ ಅಂಬಲಿ ಕುಡಿದು ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾನೆ. ಮಳೆ ಬರುವುದು ಅವನ ಮಾತಿನಿಂದ.

ಇದನ್ನು ಕಟ್ಟಿದ ಜನರ ಬುದ್ಧಿಗೆ ನಾನು ತಲೆಬಾಗುತ್ತೇನೆ. ನಿಜ ಸುದ್ದಿ ತರಲು ಅವರು ಒಳ್ಳೆಯ ನಡತೆಯ ದೇವರನ್ನು ನೆಚ್ಚಲಿಲ್ಲ. ಕಡಬು ತಿಂದವನ ಬಾಯಿಂದ ಕಹಿ ಸುದ್ದಿ ಬರುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಉಡಾಳ ಕಲಾವಿದನ ಮೇಲೆ ನಮಗಿರುವ ಸೆಳೆತದ ಬೇರು ಇಲ್ಲಿದೆ. ಅವನಿಗೆ ಕಳೆದುಕೊಳ್ಳಲು ಮರ್ಯಾದೆ ಇಲ್ಲ, ಅದಕ್ಕೇ ಅವನ ಮಾತಿಗೆ ತೂಕ.

ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಈ ಜೋಕುಮಾರನನ್ನೇ 1970ರ ದಶಕದಲ್ಲಿ ರಂಗದ ಮೇಲೆ ತಂದರು. ಬೆಳಗಾವಿ ಜಿಲ್ಲೆಯ ಬಯಲಾಟ, ಸಣ್ಣಾಟಗಳ ಸೊಗಡನ್ನು ಅವರು ನಾಚಿಕೆಯಿಲ್ಲದೆ ಹೊಸ ನಾಟಕಕ್ಕೆ ಒಯ್ದರು. ಅದೇ ಸೊಗಡಿಗೆ ಮುಂದೆ ಜ್ಞಾನಪೀಠವೂ ಬಂತು.

ಸೆಳೆತಕ್ಕೆ ಇನ್ನೊಂದು ಕಾರಣ ಜಾಣತನ. ಸುಮ್ನೆ ಬೈಯುವುದು ಯಾರಿಗಾದರೂ ಬರುತ್ತದೆ. ಎದುರಿಗೆ ಇದ್ದವನು ಬಾಯಿ ತೆರೆಯುವಷ್ಟರಲ್ಲಿ ಉತ್ತರ ಕೊಡುವುದು ಕಲೆ. ರಾತ್ರಿಯೆಲ್ಲಾ ಆಡುವ ನಮ್ಮ ಜನಪದ ಆಟ ಶ್ರೀಕೃಷ್ಣ ಪಾರಿಜಾತ ನೋಡಿದವರಿಗೆ ಇದು ಗೊತ್ತು. ಪಾರಿಜಾತದ ಹೂವು ರುಕ್ಮಿಣಿಗೆ ಹೋಯಿತು ಅಂತ ಸತ್ಯಭಾಮೆಗೆ ಸಿಟ್ಟು, ಇದಿಷ್ಟೇ ಕಥೆ. ಕುಲಗೋಡ ತಮ್ಮಣ್ಣ ಇದನ್ನು ಹಾಡು ಮಾತುಗಳಲ್ಲಿ ಕಟ್ಟಿ ಜನಪ್ರಿಯ ಮಾಡಿದ. ಕೌಜಲಗಿ ನಿಂಗಮ್ಮನಂಥ ಕಲಾವಿದೆಯರು ಅದಕ್ಕೆ ಜೀವ ತುಂಬಿದರು. ಆದರೆ ರಾತ್ರಿಯೆಲ್ಲಾ ಜನರನ್ನು ಎಚ್ಚರವಾಗಿ ಇಡುವುದು ಭಾಮೆಯ ಸೇವಕಿ ದೂತಿ. ಭಾಮೆ ಅರಮನೆಯ ಮಾತಾಡಿದರೆ ದೂತಿ ಓಣಿಯ ಮಾತಾಡುತ್ತಾಳೆ. ಮುಧೋಳದ ಕಡೆಯ ಒಂದು ಹಳ್ಳಿಯಲ್ಲಿ ನಾನು ನೋಡಿದ ಆಟದಲ್ಲಿ ಭಾಮೆ ಸಿಟ್ಟಿನಿಂದ ಉರಿಯುತ್ತಾ ಒಂದು ಹಾಡು ಮುಗಿಸಿದಳು. ದೂತಿ ಎರಡೂ ಕೈ ಅವಳ ಮುಖದ ಮುಂದೆ ಹಿಡಿದು ಬೆಚ್ಚಗೆ ಮಾಡಿಕೊಂಡಳು. ‘ಯವ್ವಾ, ಇವತ್ತ ಒಲಿ ಹಚ್ಚೂದು ಬ್ಯಾಡ. ನಿಮ್ಮ ಮಾರಿ ಮುಂದ ರೊಟ್ಟಿ ಹಿಡಿದ್ರ ಎರಡೂ ಮಗ್ಗಲಾ ಬೇಯ್ತಾವ.’ ಭಾಮೆಯ ಪಾತ್ರಧಾರಿಗೇ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಹಿಡಿದು ಹಿಂದೆ ತಿರುಗಿ ನಿಂತಳು. ಆ ಮಾತು ಪುಸ್ತಕದಲ್ಲಿ ಇದ್ದದ್ದಲ್ಲ. ಆ ಹೊತ್ತಿಗೆ ಹೊಳೆದದ್ದು.

ದೇವರ ಹೆಂಡತಿಯನ್ನು ಆಡಿಕೊಂಡರೆ ಯಾರಿಗೂ ನೋವಾಗಲಿಲ್ಲವೇ? ಆಗಲಿಲ್ಲ. ಯಾಕೆಂದರೆ ಆಟ ಶುರುವಾದದ್ದು ಗಣಪತಿಯ ಪೂಜೆಯಿಂದ. ಬೆಳಿಗ್ಗೆ ಮುಗಿಯುವುದು ಮಂಗಳಾರತಿಯಿಂದ. ಆ ಎರಡರ ನಡುವೆ ಏನೇ ಆದರೂ ಅದು ಪ್ರೀತಿಯ ಒಳಗೇ ಆಗುತ್ತದೆ ಅಂತ ಕೂತವರಿಗೆಲ್ಲ ಗೊತ್ತಿರುತ್ತದೆ. ನಾನು ಅಂಗಳ ಅಂದದ್ದು ಇದನ್ನೇ. ಕಲಾವಿದನಿಗೆ ಜನ ಗೊತ್ತು, ಜನಕ್ಕೆ ಕಲಾವಿದ ಗೊತ್ತು, ಇಬ್ಬರಿಗೂ ಇದು ಆಟ ಅಂತ ಗೊತ್ತು.

ವಿಜಯಪುರ, ಇಂಡಿ ಕಡೆ ಹರದೇಶಿ ನಾಗೇಶಿ ಪದಗಳನ್ನು ಕೇಳಿ. ಹರದೇಶಿಯವರು ಪುರುಷ ಹೆಚ್ಚು ಅಂತ ಹಾಡುತ್ತಾರೆ, ನಾಗೇಶಿಯವರು ಪ್ರಕೃತಿ ಹೆಚ್ಚು ಅಂತ. ಎರಡು ಮೇಳ ಎದುರು ಬದುರು. ನಾಗೇಶಿ ಹಾಡುವ ಹೆಣ್ಣುಮಗಳು ಡಪ್ಪು ಬಡಿಯುತ್ತಾ ಎದುರಿನ ಗಂಡಸನ್ನು, ಅವನ ದೇವರನ್ನು, ಅವನ ಮೀಸೆಯನ್ನು ಒಂದೂ ಬಿಡದೆ ಜಾಲಾಡುತ್ತಾಳೆ. ‘ನಿನ್ನ ಹಡೆದವರು ಯಾರೋ?’ ಅನ್ನುವ ಒಂದೇ ಪ್ರಶ್ನೆಗೆ ಅವನು ಪುರಾಣವೆಲ್ಲ ತಿರುವಿ ಹಾಕಬೇಕು. ಹಗಲು ಹೊತ್ತಿನಲ್ಲಿ ಊರ ಹಿರಿಯರ ಮುಂದೆ ತಲೆಯ ಮೇಲೆ ಸೆರಗು ಎಳೆದುಕೊಳ್ಳುವ ಹೆಂಗಸರು ಆ ರಾತ್ರಿ ಮುಂದೆ ಕೂತು ಅವಳಿಗೆ ‘ಹಾಕು, ಹಾಕು’ ಅಂತ ಹುರುಪು ಕೊಡುವುದನ್ನು ನೋಡಿದ್ದೇನೆ. ಅವರ ಬಾಯಲ್ಲಿ ಬರದ ಮಾತು ಇವಳ ಬಾಯಲ್ಲಿ ಬಂತು. ಅವರ ಮುಖದ ಮೇಲಿನ ಆ ಬೆಳಕನ್ನು ನಾನು ಮರೆಯಲಾರೆ.

ಹೋಳಿಯಲ್ಲಂತೂ ನಮ್ಮ ಊರುಗಳು ಸಾವನ್ನೂ ಬಿಡುವುದಿಲ್ಲ. ಬದುಕಿದ ಮನುಷ್ಯನನ್ನೇ ಚಟ್ಟದ ಮೇಲೆ ಮಲಗಿಸಿ, ಗಂಡಸರು ಸೀರೆ ಉಟ್ಟು ಎದೆ ಬಡಿದುಕೊಂಡು ಅಳುತ್ತಾ ಮೆರವಣಿಗೆ ಹೋಗುತ್ತಾರೆ. ಆ ವರ್ಷ ಮನೆಯಲ್ಲಿ ಸಾವು ಕಂಡವರೂ ಬಾಗಿಲಲ್ಲಿ ನಿಂತು ನಗುತ್ತಾರೆ. ಆ ನಗುವಿನಿಂದ ಅವರ ದುಃಖ ಸಣ್ಣದಾಗುವುದಿಲ್ಲ, ಆದರೆ ಎದೆ ಸ್ವಲ್ಪ ಹಗುರಾಗುತ್ತದೆ.

ಬೈಗುಳದ ವಿಷಯವನ್ನೂ ಇಲ್ಲೇ ಹೇಳಬೇಕು. ನಮ್ಮ ಕಡೆ ಗೆಳೆಯರು ‘ಏನಲೇ ಮಂಗ್ಯಾ’ ಅಂತಲೇ ಮಾತು ಶುರು ಮಾಡುವುದು. ‘ಬರ್ರಿ, ಕೂಡ್ರಿ’ ಅಂತ ಶುರು ಮಾಡಿದರೆ ಏನೋ ಮುನಿಸು ಇದೆ ಅಂತ ಅರ್ಥ. ಮರಾಠಿಯ ದೊಡ್ಡ ಹಾಸ್ಯಲೇಖಕ ಪು.ಲ. ದೇಶಪಾಂಡೆ ಬೆಳಗಾವಿಯ ರಾವ್‌ಸಾಹೇಬರ ಬಗ್ಗೆ ಬರೆದದ್ದನ್ನು ಓದಿದವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಸಿನಿಮಾ ಥಿಯೇಟರಿನ ಮಾಲೀಕ, ಸಂಗೀತದ ಹುಚ್ಚ, ಕನ್ನಡ ಬೆರೆಸಿದ ಮರಾಠಿ, ಮಾತಿಗೊಂದು ಬೈಗುಳ. ಆ ಬೈಗುಳದ ಒಳಗೆ ಇಡೀ ಬೆಳಗಾವಿಯ ಪ್ರೀತಿ ತುಂಬಿಕೊಂಡಿದೆ. ಗಡಿ, ಭಾಷೆ ಅಂತ ಜಗಳ ಆಡುವ ಊರಿನಲ್ಲಿ ಎರಡೂ ಭಾಷೆಯವರು ಸೇರಿ ನಗುವುದು ಇಂಥ ಬಾಯಿಯ ಮುಂದೆಯೇ. ಈ ಮಾತುಗಳನ್ನು ಬರೆದು ದೂರದ ಊರಿನವರ ಮುಂದೆ ಇಟ್ಟರೆ ಬರೀ ಬೈಗುಳ ಕಾಣುತ್ತದೆ. ದನಿ ಹೋಯಿತು, ಮುಖ ಹೋಯಿತು, ಹೆಗಲ ಮೇಲಿನ ಕೈ ಹೋಯಿತು.

ಮೊಬೈಲು ಮಾಡಿದ್ದು ಇದನ್ನೇ. ರಾತ್ರಿಯೆಲ್ಲಾ ನಡೆಯುವ ಆಟದಿಂದ ಅರ್ಧ ನಿಮಿಷ ಕತ್ತರಿಸಿ, ಆ ಆಟವನ್ನು ಕಂಡೇ ಇಲ್ಲದವನ ಕೈಗೆ ಕೊಡುತ್ತದೆ. ಅವನು ನಗಲಿಕ್ಕೆ ಬಂದವನಲ್ಲ, ಅವನಿಗೆ ಗಣಪತಿಯ ಪೂಜೆಯೂ ಕಂಡಿಲ್ಲ, ಮಂಗಳಾರತಿಯೂ ಕಂಡಿಲ್ಲ. ಸಿಟ್ಟು ಬಂದರೆ ಅವನು ಇನ್ನೂ ಹತ್ತು ಜನಕ್ಕೆ ಕಳಿಸುತ್ತಾನೆ. ನಗು ಬಂದವನು ನಕ್ಕು ಸುಮ್ಮನಾಗುತ್ತಾನೆ. ಹಾಗಾಗಿ ತುಣುಕು ಓಡುವುದು ಸಿಟ್ಟಿನ ಕಾಲಿನಿಂದ. ಇದರಲ್ಲಿ ಹಣವೂ ಇದೆ. ಜಾಸ್ತಿ ಜನ ನೋಡಿದಷ್ಟೂ ಜಾಹೀರಾತು, ಜಗಳವಾದಷ್ಟೂ ಜಾಸ್ತಿ ಜನ.

ಹಾಗಂತ ಕಲಾವಿದರ ಪರವಾಗಿ ಎಲ್ಲಕ್ಕೂ ಹೂಂ ಅನ್ನಲು ನನ್ನಿಂದ ಆಗುವುದಿಲ್ಲ. ಜಾನಪದ ಅಂತ ಹೆಸರು ಹಚ್ಚಿಕೊಂಡು ಡಿಜೆಯಲ್ಲಿ ಕೂಗುವ ಕೆಲವು ಹಾಡುಗಳಿವೆ. ಕೈಕೊಟ್ಟ ಹುಡುಗಿಯನ್ನು ಬೈಯುವುದೇ ಅವುಗಳ ಕಸುಬು. ಬಾದಾಮಿ ಬನಶಂಕರಿ ಜಾತ್ರೆಗೆ ಬನದ ಹುಣ್ಣಿಮೆಯಿಂದ ತಿಂಗಳ ಕಾಲ ನಾಟಕ ಕಂಪನಿಗಳು ಠಿಕಾಣಿ ಹೂಡುತ್ತವೆ. ಆ ಜಾತ್ರೆ ವೃತ್ತಿರಂಗಭೂಮಿಯನ್ನು ಇಂದಿಗೂ ಉಳಿಸಿದೆ, ಅದಕ್ಕೆ ನನಗೆ ದೊಡ್ಡ ಗೌರವ ಇದೆ. ಆದರೆ ಅಲ್ಲೂ ಕೆಲವು ನಾಟಕಗಳಲ್ಲಿ ಎರಡರ್ಥದ ಮಾತು ಒಂದರ ಮೇಲೊಂದು ಬಿದ್ದು, ಮನೆಮಂದಿ ಒಬ್ಬರ ಮುಖ ಒಬ್ಬರು ನೋಡಲಾರದೆ ನೆಲ ನೋಡುವ ಹಾಗಾಗುತ್ತದೆ. ದೂತಿಯೂ ಪೋಲಿ ಮಾತಾಡುತ್ತಾಳೆ. ವ್ಯತ್ಯಾಸ ಎಲ್ಲಿದೆ? ದೂತಿಯ ಕಲ್ಲು ಮೇಲಕ್ಕೆ ಹೋಗುತ್ತದೆ: ಅರಮನೆಗೆ, ಅಹಂಕಾರಕ್ಕೆ, ದೇವರಿಗೆ. ಈ ಹಾಡುಗಳ ಕಲ್ಲು ಕೆಳಗೆ ಬೀಳುತ್ತದೆ, ಆಗಲೇ ಏಟು ತಿಂದವರ ಮೇಲೆ. ಕುಂಟನ ನಡಿಗೆ, ಬಡವಿಯ ಸೀರೆ, ಜಾತಿಯ ಹೆಸರು, ಹಳ್ಳಿಯವನ ಭಾಷೆ. ಬೆಂಗಳೂರಿನ ಸಿನಿಮಾಗಳಲ್ಲಿ ನಮ್ಮ ಭಾಷೆಯನ್ನು ಅಡುಗೆಯವನಿಗೋ ಪೆದ್ದನಿಗೋ ಕೊಟ್ಟು ನಗಿಸಿದಾಗ ನಮಗೆ ಆದ ನೋವು ನೆನಪಿದೆ ಅಲ್ವಾ? ಅದೇ ನೋವನ್ನು ನಾವು ಇನ್ನೊಬ್ಬರಿಗೆ ಕೊಡಬಾರದು. ಇಂಥದ್ದನ್ನು ಉಡಾಳತನ ಅನ್ನಲು ನನಗೆ ಬಾಯಿ ಬರುವುದಿಲ್ಲ. ಇದು ಹೆದರಿದವನ ನಗು. ಮೇಲಿನವರನ್ನು ಮುಟ್ಟಲು ಧೈರ್ಯ ಸಾಲದೆ ಕೆಳಗಿನವರನ್ನು ಮುಟ್ಟುತ್ತದೆ.

ಇಂಥ ಹಾಡನ್ನು ಕೇಳಬೇಡಿ, ಚಪ್ಪಾಳೆ ತಟ್ಟಬೇಡಿ, ಎದ್ದು ಹೋಗಿ, ಬೇಕಾದರೆ ಎದುರಿಗೇ ಹೇಳಿ. ಆದರೆ ಪೊಲೀಸ್ ಠಾಣೆ ಈ ಜಗಳದ ಜಾಗವಲ್ಲ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಯಾಕೆಂದರೆ ಠಾಣೆಗೆ ಎಳೆಯುವ ದಾರಿ ಒಮ್ಮೆ ಸವೆದರೆ ಅದರಲ್ಲಿ ಮೊದಲು ನಡೆಯುವುದು ದೂತಿಯೇ, ಸೋಗಿನ ಬಂಡಿಯ ಹುಡುಗರೇ.

ಕಾನೂನು ಏನು ಹೇಳುತ್ತದೆ ಅಂತ ಸ್ವಲ್ಪ ನೋಡೋಣ. ಧಾರ್ಮಿಕ ಭಾವನೆಗೆ ಧಕ್ಕೆ ಅನ್ನುವ ದೂರುಗಳು ಬರುವುದು ಹಳೇ ದಂಡಸಂಹಿತೆಯ 295ಎ ಕಲಮಿನಿಂದ. ಅದು 1927ರಲ್ಲಿ ಸೇರಿದ್ದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ 299ನೇ ಕಲಮು ಆಗಿದೆ. ಮೂರು ವರ್ಷದವರೆಗೆ ಜೈಲು ಆಗಬಹುದು. ಆದರೆ ಬೇಕಂತಲೇ, ಕೆಟ್ಟ ಉದ್ದೇಶದಿಂದ ಮಾಡಿದ್ದರೆ ಮಾತ್ರ. ಅರಿವಿಲ್ಲದೆ ಆದ ಅವಮಾನಕ್ಕೆ ಈ ಕಲಮು ಅನ್ವಯಿಸುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿದೆ. ಇಂಟರ್‌ನೆಟ್‌ನಲ್ಲಿ ಹಾಕಿದ ಮಾತಿಗೆ ಜೈಲು ತೋರಿಸುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನೇ ಅದು 2015ರಲ್ಲಿ ತೆಗೆದುಹಾಕಿತು. 2025ರ ಮಾರ್ಚ್ 28ರಂದು ಕವಿ, ರಾಜಕಾರಣಿ ಇಮ್ರಾನ್ ಪ್ರತಾಪಗಢಿ ಪ್ರಕರಣದಲ್ಲಿ, ಒಂದು ಕವಿತೆ ಇದ್ದ ವಿಡಿಯೊ ಹಾಕಿದ್ದಕ್ಕೆ ದಾಖಲಾದ ಎಫ್‌ಐಆರ್ ಅನ್ನು ರದ್ದು ಮಾಡಿತು. ಮಾತನ್ನು ಅಳೆಯುವಾಗ ಗಟ್ಟಿ ಮನಸ್ಸಿನ, ಧೈರ್ಯವಂತ ಮನುಷ್ಯನ ಅಳತೆಗೋಲು ಇಟ್ಟುಕೊಳ್ಳಬೇಕು, ಎಲ್ಲದರಲ್ಲೂ ಅಪಾಯ ಕಾಣುವವನ ಅಳತೆಗೋಲು ಅಲ್ಲ ಅಂತ ಹೇಳಿತು. ಕವಿತೆ, ನಾಟಕ, ವಿಡಂಬನೆಗಳು ಬದುಕಿಗೆ ಅರ್ಥ ತುಂಬುತ್ತವೆ ಅಂತಲೂ ಹೇಳಿತು. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಇಂಥ ಮಾತಿನ ದೂರು ಬಂದರೆ, ಎಫ್‌ಐಆರ್‌ಗೂ ಮೊದಲು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡುವ ಅವಕಾಶವನ್ನು ಪೊಲೀಸರು ಬಳಸುವುದು ಸರಿ ಅಂತ ದಾರಿಯನ್ನೂ ತೋರಿಸಿತು.

ಬರಹದಲ್ಲಿ ಕಾನೂನು ಚೆನ್ನಾಗಿಯೇ ಇದೆ. ಕಷ್ಟ ಇರುವುದು ಕೋರ್ಟಿಗೆ ಹೋಗುವ ಮೊದಲು. ಹಾಸ್ಯಗಾರ ಮುನವ್ವರ್ ಫಾರೂಕಿಯನ್ನು 2021ರ ಜನವರಿ 1ರಂದು ಇಂದೋರ್‌ನಲ್ಲಿ ಬಂಧಿಸಿದರು. ಸುಪ್ರೀಂ ಕೋರ್ಟ್ ಜಾಮೀನು ಕೊಡುವವರೆಗೆ ಒಂದು ತಿಂಗಳಿಗೂ ಜಾಸ್ತಿ ಆತ ಜೈಲಿನಲ್ಲಿ ಇದ್ದ. ಅದೇ ವರ್ಷ ನವೆಂಬರ್‌ನಲ್ಲಿ ಬೆಂಗಳೂರಿನ ಕಾರ್ಯಕ್ರಮವೂ ರದ್ದಾಯಿತು. 2025ರ ಮಾರ್ಚ್‌ನಲ್ಲಿ ಇನ್ನೊಬ್ಬ ಹಾಸ್ಯಗಾರ ಕುನಾಲ್ ಕಾಮ್ರಾನ ವಿಡಿಯೊ ಚಿತ್ರೀಕರಣವಾದ ಮುಂಬೈನ ಸಭಾಂಗಣವನ್ನೇ ಒಡೆದು ಹಾಕಿದರು. ಅವರಿಗೆ ವಕೀಲರಿದ್ದಾರೆ, ಹೆಸರಿದೆ. ನಮ್ಮ ಹಳ್ಳಿಯಲ್ಲಿ ರೀಲ್ಸ್ ಮಾಡುವ ಹುಡುಗನಿಗೆ ಠಾಣೆಯಿಂದ ಒಂದು ಫೋನ್ ಬಂದರೆ ಸಾಕು, ಅಪ್ಪ ಹೊಲದ ಕೆಲಸ ಬಿಟ್ಟು ಪಂಚಾಯಿತಿ ಸದಸ್ಯನ ಮನೆ ಮುಂದೆ ನಿಲ್ಲುತ್ತಾನೆ. ಅವ್ವ ಎರಡು ದಿನ ಊಟ ಬಿಡುತ್ತಾಳೆ. ಆ ಹುಡುಗ ಮತ್ತೆ ಬಾಯಿ ತೆರೆಯುವುದಿಲ್ಲ. ತೆರೆದರೂ ಕಡಬು ತಿಂದವರ ಹಾಗೆ ‘ಎಲ್ಲಾ ಚೆನ್ನಾಗಿದೆ’ ಅನ್ನುತ್ತಾನೆ, ಇಲ್ಲವೇ ಕೇಸು ಹಾಕಲಾರದ ಬಡವರ ಮೇಲೆ ಜೋಕು ಮಾಡುತ್ತಾನೆ. ಹೆದರಿಕೆಯಿಂದ ಒಳ್ಳೆಯ ಹಾಸ್ಯ ಹುಟ್ಟಿದ್ದನ್ನು ನಾನಂತೂ ಕಂಡಿಲ್ಲ.

ಬ್ರಿಟಿಷರಿಗೂ ಈ ನಗುವಿನ ಭಯ ಇತ್ತು. 1876ರಲ್ಲೇ ಅವರು ನಾಟಕಗಳನ್ನು ತಡೆಯಲಿಕ್ಕೆ ಕಾಯ್ದೆ ತಂದರು. ಸ್ವಾತಂತ್ರ್ಯ ಬಂದ ಮೇಲೂ ಅದು ಪುಸ್ತಕದಲ್ಲಿ ಉಳಿದು, ರದ್ದಾದದ್ದು 2018ರಲ್ಲಿ. ಆ ಕಾಯ್ದೆ ಇದ್ದ ಕಾಲದಲ್ಲೇ ರಾಮದುರ್ಗ ತಾಲೂಕಿನ ಹುಲಕುಂದದ ಭೀಮಕವಿಯಂಥವರು ಡಪ್ಪು, ತುಂತುಣಿ ಹಿಡಿದು ಗೀಗೀ ಪದಗಳಲ್ಲಿ ಸ್ವಾತಂತ್ರ್ಯ ಚಳವಳಿಯನ್ನು ಹಾಡಿದರು. ಅದಕ್ಕೂ ಎಷ್ಟೋ ಹಿಂದೆ, 12ನೇ ಶತಮಾನದಲ್ಲಿ, ನಮ್ಮ ವಿಜಯಪುರ ಜಿಲ್ಲೆಯ ಬಾಗೇವಾಡಿಯ ಬಸವಣ್ಣನವರು ಕಲ್ಲಿನ ನಾಗರಕ್ಕೆ ಹಾಲೆರೆದು ಜೀವಂತ ನಾಗರವನ್ನು ಕೊಲ್ಲುವ ಜನರನ್ನು ನಗುತ್ತಲೇ ಚುಚ್ಚಿದರು. ಇವತ್ತು ಅದನ್ನು ಶಾಲೆಯಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ.

ಕಳೆದುಹೋದ ಅಂಗಳವನ್ನು ಮತ್ತೆ ಕಟ್ಟಬಹುದೇ? ಪೂರ್ತಿ ಆಗಲಿಕ್ಕಿಲ್ಲ. ಮೊಬೈಲ್ ವಾಪಸ್ ಹೋಗುವುದಿಲ್ಲ. ಆದರೆ ಒಂದೆರಡು ಕೆಲಸ ನಮ್ಮ ಕೈಯಲ್ಲೇ ಇದೆ. ತುಣುಕು ಬಂದಾಗ ‘ಪೂರ್ತಿ ಎಲ್ಲಿದೆ?’ ಅಂತ ಕೇಳಬಹುದು. ಊರಿನ ಹುಡುಗರ ಮೇಲೆ ಹೊರಗಿನಿಂದ ಫೋನ್ ಬಂದಾಗ, ಆಟ ನೋಡಿದ ಹಿರಿಯರು ‘ನಾವು ಅಲ್ಲೇ ಇದ್ದೆವು, ಅದು ಹಾಗಲ್ಲ’ ಅಂತ ಹೇಳಬಹುದು. ಆ ರಾತ್ರಿ ನಕ್ಕ ನಾವೆಲ್ಲ ಮರುದಿನ ಸುಮ್ಮನಿದ್ದೆವು. ನಾನೂ ಸುಮ್ಮನಿದ್ದೆ. ಆ ಹುಡುಗರು ಒಬ್ಬರೇ ಕ್ಯಾಮೆರಾದ ಮುಂದೆ ಕೈಮುಗಿದು ನಿಂತದ್ದು ಹೀಗೆ. ನಕ್ಕವರು ಜೊತೆಗೆ ನಿಂತಿದ್ದರೆ ಆ ವಿಡಿಯೊ ಬೇಕಾಗುತ್ತಿರಲಿಲ್ಲ.

ಎರಡು ವರ್ಷ ಆ ಓಣಿಯಿಂದ ಸೋಗು ಬರಲಿಲ್ಲ. ಮೂರನೇ ವರ್ಷ ಹೋಳಿಗೆ ಮುಂಚೆ ಆ ಕಡೆ ಹೋಗಿದ್ದೆ. ಒಂದು ಮನೆಯ ಮುಂದೆ ಟ್ರೇಲರ್ ನಿಂತಿತ್ತು. ಮುದುಕಿಯ ವೇಷ ಹಾಕಿದ್ದ ಹುಡುಗ ರಟ್ಟಿಗೆ ಬಣ್ಣ ಹಚ್ಚುತ್ತಾ ಕೂತಿದ್ದ. ಈಗ ಅವನಿಗೆ ನಿಜವಾದ ಮೀಸೆ ಬಂದಿದೆ. ಪಕ್ಕದ ಕಟ್ಟೆಯ ಮೇಲೆ ಓಣಿಯ ನಾಲ್ಕು ಜನ ಹಿರಿಯರು ಕೂತು ಅದು ಹೀಗಿರಲಿ, ಇದು ಹಾಗಿರಲಿ ಅಂತ ಹೇಳುತ್ತಿದ್ದರು. ಈ ಸಲ ಯಾವ ಸೋಗು ಅಂತ ಕೇಳಿದೆ. ಅವನು ಬಣ್ಣದ ಕೈಯಿಂದಲೇ ರಟ್ಟನ್ನು ಆ ಕಡೆ ತಿರುಗಿಸಿ ಇಟ್ಟ.

‘ಈಗ ಹೇಳಂಗಿಲ್ರಿ ಕಾಕಾ. ರಾತ್ರಿ ಬಂದ ನೋಡ್ರಿ. ಮುಗಿಯೂ ತನಕಾ ನಿಂದ್ರಬೇಕು ಮತ್ತ.’